ಪಿಕಪ್ ಗಾಡಿಗೆ ಎಂಜಿನ್ ಆಯಿಲ್ ಆರಿಸಿಕೊಳ್ಳುವುದು ಹೇಗೆ?

ಮದ್ದೂರಿನ ಮಾರುಕಟ್ಟೆಗೆ ಎಳನೀರು, ಆಲೆಮನೆಗಳಿಂದ ಮಂಡ್ಯದ ಎಪಿಎಂಸಿಗೆ ಬೆಲ್ಲ, ಪಾಂಡವಪುರ ಮತ್ತು ಶ್ರೀರಂಗಪಟ್ಟಣದ ಕಡೆಯಿಂದ ಮೈಸೂರಿನ ಬಂಡಿಪಾಳ್ಯಕ್ಕೆ ತರಕಾರಿ ಹೀಗೆ ಈ ಭಾಗದ ರೈತನ ಬೆಳೆ ಹಣವಾಗಬೇಕಾದರೆ ಅದು ಬಹುಮಟ್ಟಿಗೆ ಪಿಕಪ್ ಗಾಡಿಯನ್ನು ಹತ್ತಲೇಬೇಕು. ಅಂಥ ಗಾಡಿಗೆ ಟೈರು ಕೊಳ್ಳುವಾಗ ನಾಲ್ಕು ಅಂಗಡಿ ವಿಚಾರಿಸುವ ಮಾಲೀಕರು ಎಂಜಿನ್ ಆಯಿಲ್ ವಿಷಯಕ್ಕೆ ಬಂದಾಗ ಮಾತ್ರ "ಯಾವುದಾದರೂ ಒಳ್ಳೆಯದು ಹಾಕಿ" ಎಂದು ಗ್ಯಾರೇಜಿನವರಿಗೆ ಬಿಟ್ಟುಬಿಡುತ್ತಾರೆ. ಗ್ಯಾರೇಜಿನವರು ತಮಗೆ ರೂಢಿಯಾಗಿರುವ ಒಂದೇ ಆಯಿಲನ್ನು ಬಂದ ಡೀಸೆಲ್ ಗಾಡಿಗಳಿಗೆಲ್ಲ ಹಾಕುತ್ತಾರೆ. ಹಳೆಯ ಎಂಜಿನ್‌ಗಳ ಕಾಲದಲ್ಲಿ ಇದರಿಂದ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ಆದರೆ 2020ರ ಏಪ್ರಿಲ್ 1ರಂದು ದೇಶಾದ್ಯಂತ ಬಿಎಸ್-6 (ಭಾರತ್ ಸ್ಟೇಜ್-6) ಎಂಬ ಹೊಗೆ ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ಗಾಡಿಯ ಹೊಗೆ ಕೊಳವೆಯೊಳಗೆ ಏನೇನಿದೆ ಎಂಬುದೇ ಬದಲಾಗಿದೆ, ಅದರೊಂದಿಗೆ ಆಯಿಲ್ ಆರಿಸುವ ಕ್ರಮವೂ ಬದಲಾಗಬೇಕಾಗಿದೆ. ಗಾಡಿಯ ಕೈಪಿಡಿ ಕೇಳುವ ಗ್ರೇಡು (ದಪ್ಪದ ಅಳತೆ) ಮತ್ತು ದರ್ಜೆ (ಗುಣಮಟ್ಟ), ಎರಡೂ ಡಬ್ಬದ ಮೇಲೆ ಅಚ್ಚಾಗಿವೆಯೇ ಎಂದು ಮೊದಲು ನೋಡಬೇಕು. ಬ್ರ್ಯಾಂಡು, ಬೆಲೆ ಇವೆಲ್ಲ ಆಮೇಲಿನ ಮಾತು.

ಕೈಪಿಡಿ ಎಂದರೆ ಹೊಸ ಗಾಡಿಯ ಜೊತೆಗೆ ಕೊಟ್ಟು, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿರುವ ಪುಸ್ತಕ. ಅದರ ಕೊನೆಯ ಪುಟಗಳಲ್ಲಿ ಯಾವ ಭಾಗಕ್ಕೆ ಯಾವ ಆಯಿಲ್, ಎಷ್ಟು ಲೀಟರ್ ಎಂಬ ಕೋಷ್ಟಕ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರ ಬಳಿ ಈ ಪುಸ್ತಕ ಇರುವುದೇ ಅಪರೂಪ. ಅಂಥವರು ತಯಾರಕರ ಜಾಲತಾಣದಲ್ಲಿ ಹುಡುಕಬಹುದು, ಇಲ್ಲವೇ ಚಾಸಿಸ್ ನಂಬರ್ ಹೇಳಿ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಬಹುದು. ಒಂದೇ ಹೆಸರಿನ ಗಾಡಿ ಎಂದಾಕ್ಷಣ ಒಂದೇ ಎಂಜಿನ್ ಎಂದು ತಿಳಿಯಬಾರದು. ಬೊಲೆರೊ ಪಿಕಪ್ ಬಿಎಸ್-4ರಲ್ಲೂ ಇದೆ, ಬಿಎಸ್-6ರಲ್ಲೂ ಇದೆ. ಟಾಟಾ ಏಸ್ ಡೀಸೆಲ್, ಪೆಟ್ರೋಲ್, ಸಿಎನ್‌ಜಿ ಮೂರರಲ್ಲೂ ಬಂದಿದೆ. ಆದ್ದರಿಂದ ಪಕ್ಕದ ಮನೆಯವರು ತಮ್ಮ ಗಾಡಿಗೆ ಹಾಕಿಸಿದ ಆಯಿಲ್ ನಿಮ್ಮ ಗಾಡಿಗೂ ಸರಿಹೊಂದುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ನಿಮ್ಮದು ಯಾವ ಮಾನದಂಡದ ಗಾಡಿ ಎಂಬ ಅನುಮಾನವಿದ್ದರೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನೋಡಿ; ಈಚಿನ ಆರ್‌ಸಿಗಳಲ್ಲಿ ಮಾನದಂಡವನ್ನೇ ಬರೆದಿರುತ್ತಾರೆ.

ಗ್ರೇಡಿನ ಅಂಕಿಗಳು ಏನು ಹೇಳುತ್ತವೆ?

ಡಬ್ಬದ ಮುಂಭಾಗದಲ್ಲಿ ದೊಡ್ಡದಾಗಿ ಕಾಣುವ 15ಡಬ್ಲ್ಯು-40, 10ಡಬ್ಲ್ಯು-40, 5ಡಬ್ಲ್ಯು-30 ಎಂಬವು ಎಸ್‌ಎಇ ಗ್ರೇಡುಗಳು, ಅಂದರೆ ಆಯಿಲ್ ಎಷ್ಟು ದಪ್ಪ ಅಥವಾ ಎಷ್ಟು ತೆಳು ಎಂಬುದರ ಅಳತೆ. ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯು ಆಯಿಲನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲೂ ಪರೀಕ್ಷೆಗೆ ಒಡ್ಡುತ್ತಾರೆ. ಮಾಗಿಯ ಮುಂಜಾವಿನಲ್ಲೂ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪವಾಗಿರುವ ಮಂಡ್ಯದಲ್ಲಿ ಈ ಅಂಕಿಯ ಕಾರಣಕ್ಕೆ ಗಾಡಿ ಸ್ಟಾರ್ಟ್ ಆಗದೆ ನಿಲ್ಲುವುದಿಲ್ಲ. ಆದರೂ ರಾತ್ರಿಯೆಲ್ಲ ನಿಂತ ಎಂಜಿನ್ ಬೆಳಿಗ್ಗೆ ತಿರುಗಿದಾಗ ತೆಳುವಾದ ಆಯಿಲ್ ಬೇರಿಂಗ್ ಮತ್ತು ಟರ್ಬೊವನ್ನು ಬೇಗ ತಲಪುತ್ತದೆ ಎಂಬುದು ನಿಜ.

ಡಬ್ಲ್ಯು ನಂತರದ ಅಂಕಿ ನಮಗೆ ಹೆಚ್ಚು ಮುಖ್ಯ. ಅದು 100 ಡಿಗ್ರಿ ಶಾಖದಲ್ಲಿ, ಅಂದರೆ ಎಂಜಿನ್ ಚೆನ್ನಾಗಿ ಕಾದಾಗ, ಆಯಿಲ್ ಎಷ್ಟು ದಪ್ಪವಾಗಿ ಉಳಿದಿರುತ್ತದೆ ಎಂಬುದನ್ನು ಹೇಳುತ್ತದೆ. ಸ್ನಿಗ್ಧತೆಯನ್ನು ಅಳೆಯುವ ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ 30ರ ಗ್ರೇಡು 9.3ರಿಂದ 12.5ರವರೆಗೆ, 40ರ ಗ್ರೇಡು 12.5ರಿಂದ 16.3ರವರೆಗೆ, 50ರ ಗ್ರೇಡು 16.3ರಿಂದ 21.9ರವರೆಗೆ ಇರುತ್ತದೆ.

"ಲೋಡ್ ಹೊರುವ ಗಾಡಿಗೆ ದಪ್ಪ ಆಯಿಲೇ ಆಗಬೇಕು" ಎಂಬ ನಂಬಿಕೆ ನಮ್ಮ ಕಡೆ ಬಲವಾಗಿ ಬೇರೂರಿದೆ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಗೂಡಲೂರಿನ ಘಾಟಿ ಹತ್ತಿಸುವ ಚಾಲಕರಲ್ಲಿ ಕೆಲವರು ಕೈಪಿಡಿಯಲ್ಲಿ 5ಡಬ್ಲ್ಯು-30 ಎಂದಿದ್ದರೂ 20ಡಬ್ಲ್ಯು-50 ಹಾಕಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ಎಂಜಿನ್ ತಯಾರಿಸುವವರು ಬೇರಿಂಗ್‌ಗಳ ನಡುವಿನ ಸಂದು, ಆಯಿಲ್ ಪಂಪಿನ ಶಕ್ತಿ, ಪಿಸ್ಟನ್‌ಗಳಿಗೆ ಆಯಿಲ್ ಚಿಮ್ಮಿಸುವ ಸಣ್ಣ ರಂಧ್ರಗಳು ಎಲ್ಲವನ್ನೂ ನಿರ್ದಿಷ್ಟ ದಪ್ಪದ ಆಯಿಲ್‌ಗೆ ಹೊಂದಿಸಿರುತ್ತಾರೆ. ಅದಕ್ಕಿಂತ ದಪ್ಪವಾದದ್ದನ್ನು ಹಾಕಿದರೆ ಎಂಜಿನ್ ತಣ್ಣಗಿರುವಾಗ ಆಯಿಲ್ ತಡವಾಗಿ ಹರಿಯುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಟರ್ಬೊ ಶಾಫ್ಟಿಗೆ ಬೇಕಾದ ಹೊತ್ತಿಗೆ ಬೇಕಾದಷ್ಟು ಆಯಿಲ್ ಸಿಗುವುದಿಲ್ಲ.

ಭಾರ ಹೊತ್ತು ಕಾದ ಎಂಜಿನ್‌ನಲ್ಲಿ ಲೋಹಗಳ ನಡುವೆ ಉಳಿಯುವ ತೆಳುಪದರದ ಬಲವನ್ನು ಬೇರೆಯೇ ಒಂದು ಪರೀಕ್ಷೆಯಲ್ಲಿ, 150 ಡಿಗ್ರಿ ಶಾಖದಲ್ಲಿ ಅಳೆಯುತ್ತಾರೆ. ಸಾಮಾನ್ಯ 5ಡಬ್ಲ್ಯು-30 ಆಯಿಲ್ ಈ ಪರೀಕ್ಷೆಯಲ್ಲಿ ಕನಿಷ್ಠ 2.9 ಮಿಲಿಪ್ಯಾಸ್ಕಲ್-ಸೆಕೆಂಡ್ ಮುಟ್ಟಿದರೆ ಸಾಕು, ಆದರೆ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಗೊತ್ತುಪಡಿಸಿದ ಸಿ3 ದರ್ಜೆಯ 5ಡಬ್ಲ್ಯು-30 ಆಯಿಲ್ ಕನಿಷ್ಠ 3.5 ಮುಟ್ಟಲೇಬೇಕು. ಮುಂಭಾಗದಲ್ಲಿ ಒಂದೇ ಅಂಕಿ ಬರೆದಿರುವ ಎರಡು ಡಬ್ಬಗಳು ಭಾರದ ಕೆಳಗೆ ಬೇರೆ ಬೇರೆ ರೀತಿ ವರ್ತಿಸುವುದು ಈ ಕಾರಣಕ್ಕೆ. ಕಾರಿಗೆಂದು ತಂದು ಮಿಕ್ಕಿದ 5ಡಬ್ಲ್ಯು-30 ಆಯಿಲನ್ನು ಪಿಕಪ್‌ಗೆ ಸುರಿಯುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಬೇಕು.

ಕೆಲವು ಕೈಪಿಡಿಗಳಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡುಗಳನ್ನು ಕೊಟ್ಟಿರುತ್ತಾರೆ. ಹಾಗಿದ್ದರೆ ಘಾಟಿ ರಸ್ತೆಯಲ್ಲಿ ಭಾರ ಹೊರುವ ಗಾಡಿಗೆ ಆ ಪಟ್ಟಿಯಲ್ಲಿರುವುದರಲ್ಲೇ ದಪ್ಪದ್ದನ್ನು ಆರಿಸಿಕೊಳ್ಳಬಹುದು. ಪಟ್ಟಿಯಿಂದ ಹೊರಗೆ ಹೋಗುವುದು ಬೇಡ.

ದರ್ಜೆ ಮತ್ತು ಬೂದಿ

ಡಬ್ಬವನ್ನು ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ "ಎಪಿಐ" (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬುದರ ಮುಂದೆ ಎರಡು ಅಕ್ಷರ, ಡೀಸೆಲ್ ದರ್ಜೆಯಾದರೆ ಜೊತೆಗೆ ಒಂದು ಅಂಕಿಯೂ ಇರುತ್ತವೆ. ಅಕ್ಷರ "ಸಿ" ಎಂದು ಶುರುವಾದರೆ ಅದು ಡೀಸೆಲ್ ಎಂಜಿನ್ನಿನ ದರ್ಜೆ, "ಎಸ್" ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿನದು. ಡೀಸೆಲ್ ದರ್ಜೆಗಳು ಸಿಎಚ್-4, ಸಿಐ-4, ಸಿಐ-4 ಪ್ಲಸ್, ಸಿಜೆ-4, ಸಿಕೆ-4 ಎಂಬ ಕ್ರಮದಲ್ಲಿ ಬಂದಿವೆ; ಕೊನೆಯದಾದ ಸಿಕೆ-4 ಬಂದದ್ದು 2016ರ ಡಿಸೆಂಬರಿನಲ್ಲಿ. ಸಾಮಾನ್ಯವಾಗಿ ಹೊಸ ದರ್ಜೆಯ ಆಯಿಲನ್ನು ಹಳೆಯ ದರ್ಜೆ ಕೇಳುವ ಎಂಜಿನ್‌ಗೆ ಹಾಕಬಹುದು. ಹೊಸ ದರ್ಜೆ ಕೇಳುವ ಎಂಜಿನ್‌ಗೆ ಹಳೆಯದನ್ನು ಹಾಕಬಾರದು. ಅದಕ್ಕೆ ಕಾರಣ ಬೂದಿ.

ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಇರುತ್ತದೆ. ಅದನ್ನು ಡಿಪಿಎಫ್ ಎನ್ನುತ್ತಾರೆ. ಮಸಿ ತುಂಬುತ್ತಾ ಬಂದಂತೆ ಗಾಡಿಯ ಕಂಪ್ಯೂಟರು ಹೊಗೆಯ ಶಾಖವನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ ಆ ಮಸಿಯನ್ನು ಸುಟ್ಟುಹಾಕುತ್ತದೆ. ಎಂಜಿನ್ ಓಡುವಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಸ್ವಲ್ಪ ಆಯಿಲ್ ಕೂಡ ಉರಿಯುತ್ತಲೇ ಇರುತ್ತದೆ. ಆಯಿಲ್‌ನಲ್ಲಿ ಎಂಜಿನ್ನಿನ ಒಳಭಾಗವನ್ನು ಶುಚಿಯಾಗಿಡಲೆಂದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನೂ ಸವೆತ ತಡೆಯಲೆಂದು ಸತು ಮತ್ತು ರಂಜಕದ ಸಂಯುಕ್ತಗಳನ್ನೂ ಸೇರಿಸಿರುತ್ತಾರೆ. ಕಬ್ಬಿನ ರಚ್ಚು ಉರಿದುಹೋದ ಮೇಲೂ ಆಲೆಮನೆಯ ಒಲೆಯಲ್ಲಿ ಬೂದಿ ಉಳಿಯುವ ಹಾಗೆ, ಆಯಿಲ್ ಉರಿದ ಮೇಲೆ ಈ ಲೋಹಗಳ ಬೂದಿ ಉಳಿದು ಡಿಪಿಎಫ್‌ನ ಸೂಕ್ಷ್ಮ ಕಂಡಿಗಳಲ್ಲಿ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗುವುದಿಲ್ಲ. ಅದು ತುಂಬಿದ ಮೇಲೆ ಫಿಲ್ಟರನ್ನು ಬಿಚ್ಚಿ ವಿಶೇಷವಾಗಿ ಶುಚಿ ಮಾಡಿಸಬೇಕು, ಇಲ್ಲವೇ ಬದಲಾಯಿಸಬೇಕು. ಆ ಖರ್ಚಿನ ಎದುರು ಎರಡು ಡಬ್ಬಗಳ ನಡುವಿನ ಬೆಲೆಯ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಸಿಜೆ-4 ಮತ್ತು ಸಿಕೆ-4 ದರ್ಜೆಗಳಲ್ಲಿ ಈ ಬೂದಿಯ ಪ್ರಮಾಣ ಶೇ 1ನ್ನು ಮೀರಬಾರದೆಂಬ ಮಿತಿ ಇದೆ. ಎಸಿಇಎ ಸಿ2 ಮತ್ತು ಸಿ3 ದರ್ಜೆಗಳಲ್ಲಿ ಮಿತಿ ಇನ್ನೂ ಬಿಗಿ, ಶೇ 0.8. ಸಿಐ-4 ಪ್ಲಸ್‌ವರೆಗಿನ ಹಳೆಯ ದರ್ಜೆಗಳಲ್ಲಿ ಅಂಥ ಮಿತಿಯೇ ಇಲ್ಲ. ಡಿಪಿಎಫ್ ಇರುವ ಗಾಡಿಗೆ ಸಿಐ-4 ಪ್ಲಸ್ ಆಯಿಲ್ ಹಾಕಿದರೆ ಮೊದಲ ದಿನ, ಮೊದಲ ತಿಂಗಳು ಯಾವ ತೊಂದರೆಯೂ ಕಾಣದು, ಎಂಜಿನ್ ಸದ್ದೂ ನಯವಾಗಿಯೇ ಇರುತ್ತದೆ. ಹಾನಿ ಕಣ್ಣಿಗೆ ಕಾಣದೆ ನಿಧಾನವಾಗಿ ಸೇರುತ್ತಾ ಹೋಗುತ್ತದೆ. "ನಾವು ಇದನ್ನೇ ಹಾಕಿದ್ದೇವೆ, ಏನೂ ಆಗಿಲ್ಲ" ಎಂಬ ಮಾತನ್ನು ನಂಬಿ ಮುಂದುವರಿಯುವುದು ಅಪಾಯಕರವೆಂದು ಹೇಳುವುದು ಅದಕ್ಕಾಗಿಯೇ.

ಹಳೆಯ ದರ್ಜೆಗಳಲ್ಲಿ ಅಷ್ಟು ಲವಣ ಏಕೆ ಬೇಕಾಗುತ್ತಿತ್ತು ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಡೀಸೆಲ್‌ನಲ್ಲಿರುವ ಗಂಧಕ ಉರಿದಾಗ ಆಮ್ಲ ಹುಟ್ಟುತ್ತದೆ, ಆಯಿಲ್‌ನಲ್ಲಿರುವ ಕ್ಷಾರಗುಣದ ಲವಣಗಳು ಆ ಆಮ್ಲವನ್ನು ಕೊಲ್ಲುತ್ತವೆ. ಬಿಎಸ್-3 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಇರಬಹುದಾಗಿತ್ತು, ಬಿಎಸ್-4ರಲ್ಲಿ 50, ಬಿಎಸ್-6ರಲ್ಲಿ ಕೇವಲ 10. ಇಂದು ಬಂಕಿನಲ್ಲಿ ಸಿಗುವುದೆಲ್ಲ ಬಿಎಸ್-6 ಡೀಸೆಲೇ ಆಗಿರುವುದರಿಂದ ಕಡಿಮೆ ಬೂದಿಯ ಸಿಕೆ-4 ಆಯಿಲನ್ನು ಹಳೆಯ ಬಿಎಸ್-4 ಗಾಡಿಗೆ ಹಾಕಲು ಹಿಂಜರಿಯಬೇಕಾಗಿಲ್ಲ, ಗ್ರೇಡು ಹೊಂದಿಕೆಯಾದರೆ ಸಾಕು. ಮನೆಯಲ್ಲಿ ಒಂದು ಹಳೆಯ, ಒಂದು ಹೊಸ ಗಾಡಿ ಇಟ್ಟುಕೊಂಡಿರುವವರಿಗೆ ಇದು ಅನುಕೂಲವೇ.

ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಿಗೆ ಕೈಪಿಡಿ ಹೇಳುವ "ಎಸ್" ದರ್ಜೆಯ ಆಯಿಲ್ ಹಾಕಬೇಕು. 2020ರಲ್ಲಿ ಬಂದ ಎಸ್‌ಪಿ ದರ್ಜೆಯನ್ನು ಅದಕ್ಕಿಂತ ಹಿಂದಿನ ಎಸ್‌ಎನ್, ಎಸ್‌ಎಂ ಕೇಳುವ ಎಂಜಿನ್‌ಗಳಿಗೂ ಬಳಸಬಹುದು. ಬೈಕಿನ ಆಯಿಲ್ ಯಾವ ಪಿಕಪ್‌ಗೂ ಬೇಡ. ಅದು ಆಯಿಲ್‌ನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗಾಗಿ ತಯಾರಾದದ್ದು.

ಸಿಂಥೆಟಿಕ್ (ವಿಶೇಷವಾಗಿ ಸಂಸ್ಕರಿಸಿ ತಯಾರಿಸಿದ) ಆಯಿಲ್ ಬೇಕೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹೀಗಿದೆ. ಡಿಪಿಎಫ್ ಇಲ್ಲದ ಹಳೆಯ ಗಾಡಿಗೆ ಸಿಐ-4 ಪ್ಲಸ್ ದರ್ಜೆಯ ಮಿನರಲ್ (ಕಚ್ಚಾ ತೈಲದಿಂದ ಶುದ್ಧೀಕರಿಸಿದ ಸಾಮಾನ್ಯ) ಆಯಿಲನ್ನು ತಪ್ಪದೆ ಹೊತ್ತಿಗೆ ಸರಿಯಾಗಿ ಬದಲಾಯಿಸುವುದು, ದುಬಾರಿ ಸಿಂಥೆಟಿಕ್ ಹಾಕಿಸಿ ಅವಧಿ ಮೀರಿ ಓಡಿಸುವುದಕ್ಕಿಂತ ಮೇಲು. ಬಿಎಸ್-6 ಗಾಡಿಯಲ್ಲಿ ಈ ಆಯ್ಕೆ ನಮ್ಮ ಕೈಯಲ್ಲಿ ಅಷ್ಟಾಗಿ ಇರುವುದಿಲ್ಲ, ಏಕೆಂದರೆ 5ಡಬ್ಲ್ಯು-30 ಗ್ರೇಡನ್ನೂ ಸಿ3 ದರ್ಜೆಯನ್ನೂ ಒಟ್ಟಿಗೆ ತಲಪುವ ಆಯಿಲ್ ಬಹುತೇಕ ಸಿಂಥೆಟಿಕ್ಕೇ ಆಗಿರುತ್ತದೆ. ಡಬ್ಬದ ಮೇಲೆ ಸಿಂಥೆಟಿಕ್ ಎಂದು ಬರೆದಿದ್ದರೂ ದರ್ಜೆ ಹೊಂದದಿದ್ದರೆ ಅದನ್ನು ಬಿಡಿ. ಆಯಿಲ್ ಜೊತೆಗೆ ಬೆರೆಸಿ ಎಂದು ಅಂಗಡಿಯಲ್ಲಿ ಕೊಡುವ ಸಣ್ಣ ಬಾಟಲಿಗಳ ಅಗತ್ಯವೂ ಇಲ್ಲ. ಬೇಕಾದ ರಾಸಾಯನಿಕಗಳು ಅಳತೆಗೆ ತಕ್ಕಂತೆ ಆಯಿಲ್‌ನೊಳಗೇ ಇರುತ್ತವೆ.

ಬದಲಾಯಿಸುವ ಅವಧಿ, ಗಾಡಿಯ ದುಡಿಮೆ

ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಅದರ ಕೆಳಗೆ, ಕಠಿಣ ಬಳಕೆಯಿದ್ದರೆ ಅವಧಿಯನ್ನು ಕಡಿಮೆ ಮಾಡಿ ಎಂಬ ಸೂಚನೆಯೂ ಇರುತ್ತದೆ. ನಮ್ಮ ಗಾಡಿಗಳಲ್ಲಿ ಹೆಚ್ಚಿನವು ಆ ಎರಡನೆಯ ಸೂಚನೆಗೇ ಸೇರುತ್ತವೆ. ಊರಿಂದೂರಿಗೆ ಹಾಲಿನ ಕ್ಯಾನು ಎತ್ತಿಕೊಂಡು ಹೋಗುವ ಗಾಡಿಯನ್ನು ನೋಡಿ: ಒಂದೆರಡು ಕಿಲೋಮೀಟರ್ ಓಟ, ಡೇರಿಯ ಮುಂದೆ ಎಂಜಿನ್ ಆರಿಸದೆ ನಿಲುಗಡೆ, ಮತ್ತೆ ಓಟ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ತೋರಿದರೂ ಎಂಜಿನ್ ದುಡಿದ ಗಂಟೆಗಳು ಬಹಳ. ಆಲೆಮನೆಯ ದಾರಿಯ ಧೂಳು, ಗದ್ದೆಯ ಬದಿಯ ಮಣ್ಣು ರಸ್ತೆ, ಮೇಲುಕೋಟೆಯ ಏರಿಗೆ ಪೂರ್ತಿ ಲೋಡಿನೊಂದಿಗೆ ಹತ್ತುವುದು ಇವೂ ಕಠಿಣ ಬಳಕೆಯೇ. ಧೂಳಿನಲ್ಲಿ ಓಡುವ ಗಾಡಿಗೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಏರ್ ಫಿಲ್ಟರ್ ಹರಿದಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಒಳಗೆ ಹೋದ ಮಣ್ಣಿನ ಕಣ ಸಿಲಿಂಡರನ್ನು ಉಜ್ಜಿ ಸವೆಸುತ್ತದೆ.

ಡಿಪಿಎಫ್ ಇರುವ ಗಾಡಿಯನ್ನು ಇಂಥ ಚಿಕ್ಕ ಓಟಗಳಿಗೇ ಬಳಸಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ಮಸಿ ಸುಡಲೆಂದು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಕೆಲಸ ಮುಗಿಯುವ ಮುನ್ನವೇ ಎಂಜಿನ್ ನಿಲ್ಲಿಸುತ್ತಾ ಹೋದರೆ ಅದರಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲ್ ಜೊತೆ ಬೆರೆಯುತ್ತದೆ. ಆಗ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವ ಬದಲು ಏರುತ್ತದೆ. ಅದನ್ನು ಕಂಡು ಆಯಿಲ್ ಖರ್ಚಾಗಿಲ್ಲವೆಂದು ಸಂತೋಷಪಡುವವರಿದ್ದಾರೆ, ಆದರೆ ಅದು ಆಯಿಲ್ ತೆಳುವಾಗಿ ಬಲ ಕಳೆದುಕೊಂಡಿರುವುದರ ಲಕ್ಷಣ. ಮಟ್ಟ ಮೇಲಿನ ಗುರುತನ್ನು ದಾಟಿ ಡೀಸೆಲ್ ವಾಸನೆ ಬರುತ್ತಿದ್ದರೆ ಅವಧಿ ಬಾಕಿ ಇದ್ದರೂ ಆಯಿಲ್ ಬದಲಾಯಿಸಲೇಬೇಕು. ಹಾಗಾಗದಂತೆ ಡಿಪಿಎಫ್ ದೀಪ ಹೊತ್ತಿಕೊಂಡಾಗ ಕೈಪಿಡಿಯ ಸೂಚನೆಯಂತೆ ಬೆಂಗಳೂರು–ಮೈಸೂರು ಹೆದ್ದಾರಿಯಂಥ ತಡೆಯಿಲ್ಲದ ರಸ್ತೆಯಲ್ಲಿ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸಿ ಮಸಿ ಸುಡುವ ಕೆಲಸ ಪೂರ್ತಿಯಾಗಲು ಬಿಡಬೇಕು.

ಡಿಪ್‌ಸ್ಟಿಕ್ ನೋಡುವುದಕ್ಕೂ ಒಂದು ಕ್ರಮವಿದೆ. ಗಾಡಿ ಸಮತಟ್ಟಾದ ನೆಲದ ಮೇಲಿರಬೇಕು, ಎಂಜಿನ್ ಆರಿಸಿ ಐದು ನಿಮಿಷವಾದರೂ ಆಗಿರಬೇಕು. ಕಡ್ಡಿಯನ್ನು ಎಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಕ್ಕೆ ತೂರಿಸಿ, ಮತ್ತೆ ಎಳೆದು ಮಲಗಿಸಿ ಹಿಡಿದು ನೋಡಿ. ಎರಡು ಗುರುತುಗಳ ನಡುವೆ, ಮೇಲಿನದರ ಸಮೀಪ ಆಯಿಲ್ ನಿಂತಿದ್ದರೆ ಸರಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸವೇ ಆದ್ದರಿಂದ ಬಣ್ಣ ಕಂಡು ಹೆದರಬೇಕಾಗಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಮಾತ್ರ ಆಯಿಲ್‌ಗೆ ನೀರು ಸೇರಿದೆ ಎಂದರ್ಥ. ಗಾಡಿಯನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಕೊಳ್ಳುವಾಗ, ಹಾಕಿಸುವಾಗ

ಬ್ಯಾರಲ್‌ನಿಂದ ಅಳೆದು ಕೊಡುವ ಬಿಡಿ ಆಯಿಲ್ ಅಗ್ಗವೆನಿಸಿದರೂ ಅದನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಅದರ ಗ್ರೇಡು, ದರ್ಜೆಯನ್ನು ನೀವು ಕಣ್ಣಾರೆ ಓದುವಂತಿಲ್ಲ, ಮಗ್ಗಿನಲ್ಲಿದ್ದ ಧೂಳು ಅದರೊಳಗೆ ಬಿದ್ದಿರಲೂಬಹುದು. ಸರ್ವೊ, ಮ್ಯಾಕ್, ಕ್ಯಾಸ್ಟ್ರಾಲ್, ಗಲ್ಫ್ ಯಾವುದೇ ಆಗಲಿ, ಗಾಡಿ ತಯಾರಕರ ಹೆಸರಿನಲ್ಲೇ ಬರುವ ಆಯಿಲ್ ಆಗಲಿ, ಕೈಪಿಡಿ ಕೇಳಿದ ಗ್ರೇಡು ಮತ್ತು ದರ್ಜೆ ಎರಡೂ ಅಚ್ಚಾಗಿರುವ ಸೀಲ್ ಮುರಿಯದ ಡಬ್ಬವನ್ನು ಬಿಲ್ ಸಮೇತ ಕೊಳ್ಳಿ. ಬ್ಯಾಚ್ ನಂಬರ್ ಮತ್ತು ತಯಾರಿಕೆಯ ದಿನಾಂಕ ಅಳಿಸದೆ ಇರಬೇಕು. ಕ್ಯೂಆರ್ ಕೋಡ್ ಇದ್ದರೆ ಮೊಬೈಲಿನಲ್ಲಿ ಪರೀಕ್ಷಿಸಿ. ಸೀಲನ್ನು ನಿಮ್ಮೆದುರಿಗೇ ಒಡೆಸಿ. ಖಾಲಿ ಡಬ್ಬಕ್ಕೆ ತೂತು ಮಾಡಿಯೇ ಗುಜರಿಗೆ ಹಾಕಿ, ಇಲ್ಲದಿದ್ದರೆ ಅದೇ ಡಬ್ಬದಲ್ಲಿ ಕಳಪೆ ಆಯಿಲ್ ತುಂಬಿ ಮತ್ತೊಬ್ಬರಿಗೆ ಮಾರುವವರ ಕೈಗೆ ಸೇರಬಹುದು. ವಾರಂಟಿ ಇರುವ ಗಾಡಿಯಾದರೆ ಆ ಬಿಲ್ಲನ್ನು ಜೋಪಾನವಾಗಿಡಿ.

ಆಯಿಲ್ ಬದಲಾಯಿಸುವಾಗಲೆಲ್ಲ ಆಯಿಲ್ ಫಿಲ್ಟರನ್ನೂ ಬದಲಾಯಿಸಬೇಕು. ಎಂಜಿನ್ ಬೆಚ್ಚಗಿರುವಾಗ ಹಳೆಯ ಆಯಿಲನ್ನು ಇಳಿಸಿದರೆ ಮಸಿಯೂ ಅದರೊಂದಿಗೆ ಹೊರಬರುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ, ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಸ್ವಲ್ಪ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಿಸಿ. ಡಬ್ಬದಲ್ಲಿ ಇರುವಷ್ಟನ್ನೂ ಸುರಿದುಬಿಡುವ ಅಭ್ಯಾಸ ತಪ್ಪು. ಕೈಪಿಡಿ ಹೇಳುವ ಅಳತೆಗಿಂತ ಸ್ವಲ್ಪ ಕಡಿಮೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಆಯಿಲ್ ದೀಪ ಆರಿದ ಮೇಲೆ ನಿಲ್ಲಿಸಿ, ಐದು ನಿಮಿಷದ ನಂತರ ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಆಯಿಲ್ ಹೆಚ್ಚಾದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆಯೆಬ್ಬಿಸುತ್ತದೆ, ನೊರೆಯಾದ ಆಯಿಲ್ ಬೇರಿಂಗನ್ನು ಕಾಯಲಾರದು. ಮಿಕ್ಕ ಆಯಿಲನ್ನು ಮುಚ್ಚಳ ಭದ್ರಪಡಿಸಿ ಗಾಡಿಯಲ್ಲೇ ಇಟ್ಟುಕೊಂಡರೆ ದಾರಿಯಲ್ಲಿ ಮಟ್ಟ ಇಳಿದಾಗ ಅದೇ ಆಯಿಲನ್ನು ಸೇರಿಸಲು ಅನುಕೂಲವಾಗುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಬೇಲಿಯ ಗೂಟಕ್ಕೆ ಬಳಿಯುವುದು, ಗೆದ್ದಲಿಗೆಂದು ನೆಲಕ್ಕೆ ಸುರಿಯುವುದು, ಚರಂಡಿಗೆ ಚೆಲ್ಲುವುದು ಹಳ್ಳಿಗಳಲ್ಲಿ ಈಗಲೂ ಇದೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ನಮ್ಮ ಚರಂಡಿಯ ನೀರು ಹೋಗಿ ಸೇರುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನ ಗದ್ದೆಗೆ, ಹಳ್ಳಕ್ಕೆ, ಕೊನೆಗೆ ಕಾವೇರಿಗೆ. ಆದ್ದರಿಂದ ಕೈಗವಸು ಹಾಕಿಕೊಂಡು ಅದನ್ನು ಖಾಲಿ ಡಬ್ಬಕ್ಕೆ ತುಂಬಿ, ನೀರನ್ನೋ ಡೀಸೆಲನ್ನೋ ಬೆರೆಸದೆ, ಹಳೆಯ ಆಯಿಲನ್ನು ನೋಂದಾಯಿತ ಮರುಸಂಸ್ಕರಣಾ ಘಟಕಕ್ಕೆ ಕಳುಹಿಸುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಪೂರ್ತಿ ಸೋರಿಸಿ, ಅದನ್ನೂ ಜೊತೆಗೇ ಕೊಡಿ.